ಯುದ್ಧ ಕೈದಿಗೆ ಅನ್ನ ಹಾಕುವುದು ಔದಾರ್ಯದ ಮಾತಲ್ಲ

ಸಂಪಾದಕರಿಗೆ,

ಮಾನ್ಯರೇ,

ಸೆರೆಸಿಕ್ಕ ಶತ್ರು ಸೈನಿಕರನ್ನು ಕೂಡಿಹಾಕಿ ಸಾಕುವುದು ತೆರಿಗೆದಾರರ ಹಣದ ಪೋಲು ಎಂದೂ, 1971ರ ಯುದ್ಧದ ನಂತರ ನಾವು ತೊಂಬತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಅನ್ನ ಹಾಕಿ ಕಳುಹಿಸಿಕೊಟ್ಟದ್ದು ನಮ್ಮ ಔದಾರ್ಯದ ಅತಿರೇಕವೆಂದೂ ವಾದಿಸುವ ಪತ್ರವೊಂದು ಈಚೆಗೆ ತಮ್ಮ ವಾಚಕರ ವಿಭಾಗದಲ್ಲಿ ಪ್ರಕಟವಾಗಿತ್ತು. ಅದಾದ ಕೆಲವೇ ದಿನಗಳಲ್ಲಿ ಹೊರದೇಶದ ಯುದ್ಧವೊಂದರಲ್ಲಿ ಸೆರೆಯಾದ ಹುಡುಗನೊಬ್ಬನ ಚಿತ್ರ, ಕೈಗಳನ್ನು ಹಿಂದಕ್ಕೆ ಕಟ್ಟಿ ಮೊಣಕಾಲೂರಿಸಿದ ಸ್ಥಿತಿಯಲ್ಲಿ, ಮುಖ ಸ್ಪಷ್ಟವಾಗಿ ಗುರುತು ಸಿಗುವಂತೆ ಮುಖಪುಟದಲ್ಲಿ ಅಚ್ಚಾಯಿತು. ಪತ್ರ ಬರೆದ ಮಹನೀಯರಿಗೂ ಚಿತ್ರ ಆರಿಸಿದ ತಮ್ಮ ಸಿಬ್ಬಂದಿಗೂ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಆದರೆ ಸೇನೆಯ ಕಚೇರಿಯಲ್ಲಿ ಗುಮಾಸ್ತನ ಕೆಲಸ ಮಾಡುತ್ತ ಸೇವೆ ಮುಗಿಸಿದವನಾದ್ದರಿಂದ, ಈ ಎರಡರ ಹಿಂದೆಯೂ ಒಂದೇ ತಪ್ಪು ತಿಳಿವಳಿಕೆ ಇದೆಯೆಂದು ನನಗೆ ಅನ್ನಿಸಿದೆ. ಯುದ್ಧ ಕೈದಿಯ ಪಾಲನೆಯನ್ನು ನಾವು ಗೆದ್ದವನು ಸೋತವನಿಗೆ ತೋರುವ ದಯೆಯೆಂದು ಭಾವಿಸಿದ್ದೇವೆ. ವಾಸ್ತವದಲ್ಲಿ ಅದು ಬಹುಪಾಲು ರಿಜಿಸ್ಟರು, ರಸೀದಿ ಮತ್ತು ಪಟ್ಟಿಗಳ ಕೆಲಸ, ಮತ್ತು ಆ ಕೆಲಸ ಕೆಟ್ಟಾಗ ಅದರ ಪೆಟ್ಟು ಬೀಳುವುದು ಸೈನಿಕರ ಮನೆಗಳ ಮೇಲೆ.

ಯುದ್ಧ ಕೈದಿಗಳ ಪಾಲನೆಗೆ ಸಂಬಂಧಿಸಿದ, 1949ರ ಆಗಸ್ಟ್ 12ರ ಮೂರನೆಯ ಜಿನೀವಾ ಒಪ್ಪಂದವನ್ನು ಭಾರತ 1950ರಲ್ಲಿಯೇ ಸ್ಥಿರೀಕರಿಸಿತು; ಜಿನೀವಾ ಒಪ್ಪಂದಗಳಿಗೆ ದೇಶದೊಳಗೆ ಕಾನೂನಿನ ಬಲ ಕೊಡಲು ಸಂಸತ್ತು 1960ರಲ್ಲಿ ಒಂದು ಅಧಿನಿಯಮವನ್ನೇ ಮಾಡಿತು. 143 ವಿಧಿಗಳ ಈ ಒಪ್ಪಂದವನ್ನು ಓದಲು ಕುಳಿತವರಿಗೆ ಕರುಣೆಯ ಮಾತು ಸಿಗುವುದು ಅಪರೂಪ, ಲೆಕ್ಕಪತ್ರದ ಮಾತು ಸಿಗುವುದೇ ಹೆಚ್ಚು. ಸೆರೆಸಿಕ್ಕವನು ಹೇಳಲೇಬೇಕಾದದ್ದು ನಾಲ್ಕೇ ಸಂಗತಿ: ಹೆಸರು, ಹುದ್ದೆ, ಹುಟ್ಟಿದ ದಿನಾಂಕ, ಸೈನ್ಯದ ನಂಬರು. ಅವನ ಜೇಬಿನಲ್ಲಿದ್ದ ಹಣವನ್ನು ಅಧಿಕಾರಿಯೊಬ್ಬನ ಆದೇಶವಿಲ್ಲದೆ ಮುಟ್ಟುವಂತಿಲ್ಲ. ತೆಗೆದುಕೊಂಡರೆ ಮೊತ್ತವನ್ನು ರಿಜಿಸ್ಟರಿನಲ್ಲಿ ನಮೂದಿಸಿ, ತೆಗೆದುಕೊಂಡವನ ಹೆಸರು, ಹುದ್ದೆ, ಪಡೆ ಸ್ಪಷ್ಟವಾಗಿ ಓದಲು ಬರುವ ರಸೀದಿ ಕೊಡಬೇಕು. ಶಿಬಿರ ತಲುಪಿದ ಒಂದು ವಾರದೊಳಗೆ ಅವನು ತಾನು ಸೆರೆಯಲ್ಲಿದ್ದೇನೆಂದು ತಿಳಿಸುವ ಕಾರ್ಡೊಂದನ್ನು ಮನೆಗೂ ಜಿನೀವಾದಲ್ಲಿರುವ ಯುದ್ಧ ಕೈದಿಗಳ ಕೇಂದ್ರ ಸಂಸ್ಥೆಗೂ ಬರೆಯಲು ಅವಕಾಶವಿರಬೇಕು. ಆಮೇಲೆ ತಿಂಗಳಿಗೆ ಕಡಿಮೆಯೆಂದರೆ ಎರಡು ಪತ್ರ, ನಾಲ್ಕು ಕಾರ್ಡು. ಒಪ್ಪಂದದ ಪಠ್ಯವನ್ನು ಕೈದಿಗಳ ಭಾಷೆಯಲ್ಲಿಯೇ, ಅವರು ಓದಬಲ್ಲ ಜಾಗದಲ್ಲಿ ಅಂಟಿಸಿರಬೇಕು. ತಪ್ಪಿಸಿಕೊಳ್ಳಲು ಯತ್ನಿಸಿ ಸಿಕ್ಕಿಬಿದ್ದವನಿಗೆ ಅಷ್ಟಕ್ಕೇ ಶಿಸ್ತಿನ ಶಿಕ್ಷೆಯನ್ನಷ್ಟೇ ಕೊಡಬಹುದು, ಅದೂ ಮೂವತ್ತು ದಿನ ಮೀರುವಂತಿಲ್ಲ. 1972ರ ಆಗಸ್ಟ್‌ನಲ್ಲಿ ರಾವಲ್ಪಿಂಡಿಯ ಶಿಬಿರದಿಂದ ಗೋಡೆ ಕೊರೆದು ಹೊರಬಿದ್ದು ಅಫ್ಘಾನಿಸ್ತಾನದ ಗಡಿಯ ಹತ್ತಿರದವರೆಗೂ ಹೋಗಿ ಸಿಕ್ಕಿಬಿದ್ದ ನಮ್ಮ ಮೂವರು ವಾಯುಪಡೆ ಅಧಿಕಾರಿಗಳು ಜೀವಂತ ಮರಳಿ ಬಂದರೆಂಬುದನ್ನು ಇಲ್ಲಿ ನೆನೆಯಬಹುದು.

ಖರ್ಚಿನ ವಿಷಯ ಬಂದದ್ದರಿಂದ ಒಂದು ಮಾತು. ಊಟ, ವಸತಿ, ಔಷಧಿ ಸೆರೆಹಿಡಿದ ದೇಶದ ಲೆಕ್ಕ, ನಿಜ. ಆದರೆ ಕೈದಿಗೆ ತಿಂಗಳಿಗೊಮ್ಮೆ ಕೊಡುವ ವೇತನದ ಮುಂಗಡ, ಸಾಮಾನ್ಯ ಜವಾನನಿಗೆ ಎಂಟು ಸ್ವಿಸ್ ಫ್ರಾಂಕ್‌ನಿಂದ ಜನರಲ್‌ಗೆ ಎಪ್ಪತ್ತೈದು ಫ್ರಾಂಕ್‌ವರೆಗೆ, ಅವನ ಸ್ವಂತ ಸರ್ಕಾರದ ಪರವಾಗಿ ಕೊಟ್ಟ ಹಣವೆಂದೇ ಪರಿಗಣಿತವಾಗುತ್ತದೆ ಮತ್ತು ಯುದ್ಧ ಮುಗಿದ ಮೇಲೆ ಎರಡು ಸರ್ಕಾರಗಳ ನಡುವಿನ ಲೆಕ್ಕದಲ್ಲಿ ಸೇರುತ್ತದೆ. 1949ರಲ್ಲಿ ಈ ವಿಧಿಗಳನ್ನು ಬರೆಯಲು ಕುಳಿತವರಲ್ಲಿ ಸೈನ್ಯದ ಪೇಮಾಸ್ಟರುಗಳ ಮನಸ್ಸು ಬಲ್ಲವರು ಇದ್ದಿರಬೇಕು.

ಕೊಡಗಿನವರಿಗೆ ಇದು ದೂರದ ವಿಷಯವಲ್ಲ. 1965ರ ಸೆಪ್ಟೆಂಬರ್ ತಿಂಗಳೊಂದರಲ್ಲಿಯೇ ನಮ್ಮ ಜಿಲ್ಲೆಯ ಇಬ್ಬರು ವಾಯುಪಡೆ ಅಧಿಕಾರಿಗಳ ವಿಮಾನಗಳು ಪಾಕಿಸ್ತಾನದ ನೆಲದಲ್ಲಿ ಬಿದ್ದವು. ಏಳನೆಯ ತಾರೀಖು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು, ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನದೊಡನೆ ಸೆಣಸಿ, ಅದನ್ನು ಉರುಳಿಸಿ, ತಾವೂ ಮಡಿದರು. ನಮ್ಮ ಕಡೆಯ ಕಡತದಲ್ಲಿ ಅವರು ಬಹುಕಾಲ ಕಾಣೆಯಾದವರು. ಆ ಕಾಳಗ ಹೇಗೆ ನಡೆಯಿತೆಂಬುದು ಪಾಕಿಸ್ತಾನದ ಕಡೆಯ ವಿವರಗಳು ವರ್ಷಗಳ ನಂತರ ಹೊರಬಂದಾಗಲೇ ಇಲ್ಲಿ ಗೊತ್ತಾದದ್ದು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತೆರಡನೆಯ ತಾರೀಖು, ಕದನವಿರಾಮಕ್ಕೆ ಇನ್ನು ಗಂಟೆಗಳಷ್ಟೇ ಉಳಿದಿದ್ದಾಗ, ಹಂಟರ್ ವಿಮಾನದಿಂದ ಹೊರಹಾರಿ ಗಾಯಗೊಂಡು ಸೆರೆಯಾದವರು ಕೆ.ಸಿ. ಕಾರ್ಯಪ್ಪನವರು. ಆಗ ನಿವೃತ್ತ ಜನರಲ್ ಆಗಿದ್ದ, ಮುಂದೆ ಫೀಲ್ಡ್ ಮಾರ್ಷಲ್ ಆದ ಕೆ.ಎಂ. ಕಾರ್ಯಪ್ಪನವರ ಮಗ ಇವರು. ಅವರು ಸುರಕ್ಷಿತವಾಗಿದ್ದಾರೆಂಬ ಸುದ್ದಿ ರೇಡಿಯೊದಲ್ಲಿಯೇ ಬಂತು, ಮತ್ತು 1966ರ ಜನವರಿಯಲ್ಲಿ ಅವರು ಮನೆ ಸೇರಿದರು.

ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ಮಗನನ್ನು ಬಿಟ್ಟುಕೊಡುವುದಾಗಿ ಹೇಳಿಕಳುಹಿಸಿದಾಗ ತಂದೆ ಅದನ್ನು ಒಪ್ಪದೆ, ಸೆರೆಯಲ್ಲಿರುವ ಎಲ್ಲರೂ ತಮ್ಮ ಮಕ್ಕಳೇ ಎಂಬರ್ಥದ ಉತ್ತರ ಕೊಟ್ಟ ಪ್ರಸಂಗ ಕೊಡಗಿನಲ್ಲಿ ಗೊತ್ತಿಲ್ಲದವರಿಲ್ಲ. ನಾವು ಅದನ್ನು ಒಬ್ಬ ಹಿರಿಯರ ದೊಡ್ಡತನದ ಕಥೆಯಾಗಿ ಹೇಳುತ್ತೇವೆ, ಅದರಲ್ಲಿ ತಪ್ಪಿಲ್ಲ. ಆದರೆ ಆ ಉತ್ತರ ಒಪ್ಪಂದದ ಹದಿನಾರನೆಯ ವಿಧಿಗೂ ಸರಿಹೊಂದುತ್ತದೆ ಎಂಬುದನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹುದ್ದೆ, ಆರೋಗ್ಯ, ವಯಸ್ಸು ಮುಂತಾದ ಕಾರಣಗಳನ್ನು ಬಿಟ್ಟರೆ ಕೈದಿ ಕೈದಿಗಳ ನಡುವೆ ಭೇದ ಕೂಡದೆಂದು ಆ ವಿಧಿ ಹೇಳುತ್ತದೆ. ಯಾರ ಮಗ ಎಂಬುದು ಆ ಕಾರಣಗಳಲ್ಲಿ ಒಂದಲ್ಲ.

ಕಾಣೆಯಾದ ದೇವಯ್ಯ, ಸೆರೆಯಾದ ಕೆ.ಸಿ. ಕಾರ್ಯಪ್ಪ, ಈ ಇಬ್ಬರ ಸ್ಥಿತಿಯ ನಡುವಣ ಅಂತರ ಮನೆಯವರಿಗೆ ಏನೆಂಬುದನ್ನು ಹೇಳಲೇಬೇಕು. ಸೈನಿಕನ ಹೆಸರಿನ ಮುಂದೆ ಕಚೇರಿಯ ಗುಮಾಸ್ತ ಬರೆಯಬಹುದಾದ ಷರಾಗಳು ಬೇರೆಬೇರೆ: ಮಡಿದವನು, ಗಾಯಾಳು, ಯುದ್ಧ ಕೈದಿ, ಕಾಣೆಯಾದವನು. ಮೊದಲ ಮೂರಕ್ಕೂ ಒಂದೊಂದು ದಾರಿ ಇದೆ. ಕೊನೆಯದಕ್ಕೆ ಇಲ್ಲ. ಪಿಂಚಣಿಯ ಕಡತ ಮುಂದೆ ಸಾಗುವುದಿಲ್ಲ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ದಾಖಲೆಯಲ್ಲಿ ಏನು ಮಾಡಬೇಕೆಂದು ಕಂದಾಯ ಇಲಾಖೆಯವರಿಗೂ ತಿಳಿಯುವುದಿಲ್ಲ, ಸತ್ತಿದ್ದಾನೆಂದು ಯಾರೂ ಹೇಳದಿರುವಾಗ ಮಾದ (ಸತ್ತವರಿಗೆ ಮಾಡುವ ತಿಥಿಕರ್ಮ) ಮಾಡುವುದೋ ಬೇಡವೋ ಎಂದು ಒಕ್ಕದ, ಅಂದರೆ ಮನೆತನದ, ಹಿರಿಯರು ಬಾಯಿ ಬಿಡಲಾರರು. ಇಷ್ಟನ್ನೂ ತಪ್ಪಿಸಬಲ್ಲದ್ದು ಎದುರಾಳಿ ಸೈನ್ಯದ ಯಾವನೋ ಗುಮಾಸ್ತ ತುಂಬಿ ಕಳುಹಿಸುವ ಒಂದು ಕಾರ್ಡು, ಅಥವಾ ಹೂಳಿದ ಜಾಗ ಮತ್ತು ಕೊರಳಿನ ಬಿಲ್ಲೆಯ ನಂಬರು ಬರೆದ ಒಂದು ಚೀಟಿ. ಸತ್ತವರ ಗುರುತನ್ನು ದಾಖಲಿಸಿ ಎದುರು ಪಕ್ಷಕ್ಕೆ ತಿಳಿಸಬೇಕೆಂಬುದೂ ಜಿನೀವಾ ಒಪ್ಪಂದಗಳ ಭಾಗವೇ.

ನಂಬರಿನ ಮಹತ್ವ ನಮ್ಮವರಿಗೆ ಇನ್ನೂ ಹೆಚ್ಚು. ಬೋಪಯ್ಯ, ಪೂಣಚ್ಚ, ದೇವಯ್ಯ, ಕಾರ್ಯಪ್ಪ ಎಂಬ ಹೆಸರುಗಳು ಪ್ರತಿ ಊರಿನಲ್ಲಿಯೂ ಇವೆ. ಒಬ್ಬರಿಂದೊಬ್ಬರನ್ನು ಬೇರೆಯಾಗಿ ಗುರುತಿಸುವುದು ಮನೆಹೆಸರು, ಆದರೆ ಸೈನ್ಯದ ಪಟ್ಟಿಯಲ್ಲಿ ಆ ಮನೆಹೆಸರೇ ಒಂದು ಇಂಗ್ಲಿಷ್ ಅಕ್ಷರಕ್ಕೆ ಇಳಿದು ಚುಕ್ಕೆಯ ಹಿಂದೆ ನಿಂತುಬಿಡುತ್ತದೆ. ಬೇರೆಬೇರೆ ಮನೆತನದ ಬೋಪಯ್ಯಗಳು ಒಂದೇ ಪಟ್ಟಿಯಲ್ಲಿದ್ದು, ಒಬ್ಬನ ಮನೆಯ ಕಾಗದ ಇನ್ನೊಬ್ಬನ ಕೈಗೆ ಹೋಗಿ ಬ್ಯಾರಕ್ಕಿನಲ್ಲಿ ನಗೆಯಾದದ್ದನ್ನು ನಾನು ಕಂಡಿದ್ದೇನೆ. ಶತ್ರುವಿನ ಶಿಬಿರದಲ್ಲಿ, ನಮ್ಮ ಹೆಸರುಗಳ ಪರಿಚಯವೇ ಇಲ್ಲದವನು ಕೇಳಿದಂತೆ ಬರೆದುಕೊಂಡ ಪಟ್ಟಿಯಲ್ಲಿ ಅದೇ ಗೊಂದಲವಾದರೆ ಯಾರೂ ನಗಲಾರರು.

ಕೈದಿಗಳ ನಿರ್ವಹಣೆ ಎಷ್ಟು ಕಷ್ಟದ ಕೆಲಸ ಎಂಬುದಕ್ಕೆ ನಮ್ಮವರೇ ಹೊತ್ತ ಹೊಣೆಯೊಂದು ಸಾಕ್ಷಿಯಾಗಿದೆ. ಮಡಿಕೇರಿಯ ‘ಸನ್ನಿಸೈಡ್’ ಮನೆ ಈಗ ಜನರಲ್ ತಿಮ್ಮಯ್ಯನವರ ಸ್ಮಾರಕ ವಸ್ತುಸಂಗ್ರಹಾಲಯ. ಅಲ್ಲಿಗೆ ಹೋಗಿಬರುವ ಶಾಲಾಮಕ್ಕಳನ್ನು ಕೇಳಿದರೆ ಜೊಜಿಲಾ ಕಣಿವೆಗೆ ಟ್ಯಾಂಕು ಏರಿಸಿದ್ದನ್ನು ಹೇಳುತ್ತಾರೆ. ಕೊರಿಯಾವನ್ನು ಹೇಳುವವರು ಕಡಿಮೆ. 1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮವಾದಾಗ, ತಮ್ಮ ದೇಶಕ್ಕೆ ಹಿಂದಿರುಗಲು ಒಲ್ಲೆವೆಂದ ಕೈದಿಗಳನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿದಿತ್ತು. ಸಂಧಾನ ವರ್ಷಕ್ಕೂ ಮಿಕ್ಕಿ ಎಳೆದದ್ದಕ್ಕೆ ಅದೇ ಮುಖ್ಯ ಕಾರಣ. ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಝೆಕೊಸ್ಲೊವಾಕಿಯಾಗಳ ತಟಸ್ಥ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಕೈದಿಗಳನ್ನು ಕಾಯುವ ಪಡೆ ಮಾತ್ರ ಪೂರ್ತಿ ಭಾರತದ್ದು, ಮೇಜರ್ ಜನರಲ್ ಥೋರಟ್‌ರ ಕೈಕೆಳಗೆ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತನ್ನ ನೆಲ ಮೆಟ್ಟಕೂಡದೆಂದು ಹಟ ಹಿಡಿದದ್ದರಿಂದ ನಮ್ಮ ಜವಾನರನ್ನು ಹಡಗಿನಿಂದಲೇ ಹೆಲಿಕಾಪ್ಟರುಗಳಲ್ಲಿ ಎತ್ತಿ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು.

ಅವರ ಕೈಗೆ ಬಂದ ಕೈದಿಗಳು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು. ಮೂರರಲ್ಲಿ ಎರಡು ಪಾಲು ಚೀನೀಯರು, ಉಳಿದವರು ಉತ್ತರ ಕೊರಿಯಾದವರು. ಮುಳ್ಳುತಂತಿಯ ಹೊರಗೆ ಭಾರತದ ಪಹರೆ ಇದ್ದರೂ ಒಳಗೆ ನಡೆಯುತ್ತಿದ್ದದ್ದು ಕೈದಿಗಳ ಮುಖಂಡರ ಆಳ್ವಿಕೆ. ಊರಿಗೆ ಮರಳಬೇಕೆಂದು ಮನಸ್ಸಿನಲ್ಲಿ ಅಂದುಕೊಂಡವನು ಅದನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ಹೊಡೆತ, ಕೊಲೆ ಎರಡೂ ನಡೆದವು. ಕೈದಿಗಳು ಗುಟ್ಟಿನ ಮತದಾನದಿಂದ ಆರು ತಿಂಗಳಿಗೊಮ್ಮೆ ಪ್ರತಿನಿಧಿಗಳನ್ನು ಆರಿಸಿಕೊಳ್ಳಬೇಕೆಂದು ಒಪ್ಪಂದ ಏಕೆ ಹೇಳುತ್ತದೆ ಎಂಬುದು ಇಂಥ ಕಡೆ ಅರ್ಥವಾಗುತ್ತದೆ. ಒಳಗಿನ ಯಜಮಾನಿಕೆಯನ್ನು ಕಡೆಗಣಿಸಿದರೆ ಏನಾಗುತ್ತದೆಂದು ಅಮೆರಿಕನ್ನರು ಅದಕ್ಕೆ ಮೊದಲೇ ಕಂಡಿದ್ದರು: 1952ರ ಮೇ ತಿಂಗಳಲ್ಲಿ ಕೋಜೆ ದ್ವೀಪದ ಶಿಬಿರದ ಮುಖ್ಯಸ್ಥರಾಗಿದ್ದ ಬ್ರಿಗೇಡಿಯರ್ ಜನರಲ್ ಡಾಡ್‌ರನ್ನೇ ಕೈದಿಗಳು ಹಿಡಿದಿಟ್ಟುಕೊಂಡಿದ್ದರು. ನಮ್ಮ ಕಾವಲಿನ ಆರಂಭದ ದಿನಗಳಲ್ಲಿಯೂ ಒಬ್ಬ ಮೇಜರರನ್ನು ಚೀನೀ ಕೈದಿಗಳು ಒಳಗೆಳೆದುಕೊಂಡರು. ಥೋರಟ್‌ರು ಆಯುಧವಿಲ್ಲದೆ ಒಳಹೋಗಿ, ಕುಳಿತು ಮಾತನಾಡಿ, ಕೈದಿಗಳಿಂದಲೇ ಚಹಾ ತರಿಸಿಕೊಂಡು, ಮೇಜರರನ್ನು ಬಿಡಿಸಿಕೊಂಡು ಬಂದರು. ಗುಂಡು ಹಾರಿಸಿ ಗೇಟು ತೆರೆಸಬಹುದಿತ್ತು. ಹಾಗೆ ಮಾಡಿದ್ದರೆ ಮುಂದಿನ ನಾಲ್ಕು ತಿಂಗಳ ಕಾವಲು ಹೇಗೆ ಸಾಗುತ್ತಿತ್ತೋ ಊಹಿಸಲಾರೆ.

ಪ್ರತಿಯೊಬ್ಬ ಕೈದಿಗೂ ಅವನ ದೇಶದ ಪ್ರತಿನಿಧಿಗಳು ಬಂದು ಊರಿಗೆ ಮರಳಬಹುದೆಂದು ವಿವರಿಸಲು ತೊಂಬತ್ತು ದಿನಗಳ ಗಡುವಿತ್ತು. ಕೈದಿಗಳು ಬರಲೊಲ್ಲದೆ, ಎರಡೂ ಕಡೆಯವರ ತಕರಾರು ತೀರದೆ, ನಿಜವಾಗಿ ವಿವರಣೆ ನಡೆದದ್ದು ಕೆಲವೇ ದಿನ. ಡಿಸೆಂಬರ್ 23ಕ್ಕೆ ಗಡುವು ಮುಗಿಯಿತು. ಊರಿಗೆ ಮರಳಲು ಒಪ್ಪಿದವರು ಕೆಲವು ನೂರು ಮಂದಿಯಷ್ಟೇ. ಉಳಿದವರನ್ನು ಬಿಡುಗಡೆ ಮಾಡುವ ಅಧಿಕಾರ ತಮಗಿಲ್ಲವೆಂದು ಕಂಡುಕೊಂಡ ತಿಮ್ಮಯ್ಯನವರು 1954ರ ಜನವರಿ 20ರಿಂದ ಅವರನ್ನು ಮೊದಲು ಯಾರ ವಶದಲ್ಲಿದ್ದರೋ ಅವರ ವಶಕ್ಕೇ ಮರಳಿಸಿದರು. ಎರಡೂ ಬಣದವರು ಬೈದರು. ಯಾವ ದೇಶವೂ ಬೇಡ, ತಟಸ್ಥ ದೇಶಕ್ಕೆ ಹೋಗುತ್ತೇವೆಂದ 88 ಮಂದಿ ನಮ್ಮ ಪಡೆಯ ಜೊತೆಯಲ್ಲಿಯೇ ಭಾರತಕ್ಕೆ ಬಂದರು. ಅವರಲ್ಲಿ ಹಲವರು ಮುಂದೆ ದಕ್ಷಿಣ ಅಮೆರಿಕಕ್ಕೆ ಹೋಗಿ ನೆಲೆಸಿದರು. ತಿಮ್ಮಯ್ಯನವರ ಆ ತೀರ್ಮಾನ ಸರಿಯೇ ಎಂದು ಇಂದಿಗೂ ವಾದಿಸಬಹುದು. ನನ್ನ ಮಟ್ಟಿಗೆ, ಕೊಟ್ಟ ಅಧಿಕಾರದ ಗೆರೆ ದಾಟದೆ, ಎಣಿಸಿ ಪಡೆದವರನ್ನು ಎಣಿಸಿ ಒಪ್ಪಿಸಿದ್ದೇ ಅವರ ದೊಡ್ಡ ಸಾಧನೆ.

ಇನ್ನು 1971. ಡಿಸೆಂಬರ್ 16ರ ಢಾಕಾ ಶರಣಾಗತಿಯ ನಂತರ ನಮ್ಮ ವಶಕ್ಕೆ ಬಂದವರು ಸುಮಾರು 93,000, ಅವರಲ್ಲಿ ಸಮವಸ್ತ್ರದವರ ಜೊತೆಗೆ ನಾಗರಿಕರೂ ಇದ್ದರು. ಇಷ್ಟು ಮಂದಿಯನ್ನು ರೈಲುಗಳಲ್ಲಿ ತಂದು ಉತ್ತರ ಮತ್ತು ಮಧ್ಯ ಭಾರತದ ದಂಡುಪ್ರದೇಶಗಳಲ್ಲಿ ಇರಿಸಿ, ಪಟ್ಟಿ ಮಾಡಿ, ಪತ್ರ ತಲುಪಿಸಿ, ಕೊನೆಗೆ ಗಡಿ ದಾಟಿಸಿದ್ದು ಯಾವ ಸೈನ್ಯಕ್ಕೂ ಹೆಮ್ಮೆಯ ಕೆಲಸ. ಆದರೆ ಆ ಪತ್ರಲೇಖಕರು ಹೇಳಿದ ಅತಿಯಾದ ಔದಾರ್ಯ ನನಗೆ ಅಲ್ಲಿ ಕಾಣಿಸುವುದಿಲ್ಲ. ಸಕ್ರಿಯ ಯುದ್ಧ ನಿಂತ ಮೇಲೆ ಕೈದಿಗಳನ್ನು ತಡಮಾಡದೆ ಬಿಟ್ಟು ಕಳುಹಿಸಬೇಕೆಂದು 118ನೆಯ ವಿಧಿ ಹೇಳುತ್ತದೆ. ನಾವು ಅವರನ್ನು ಕಳುಹಿಸುವ ಒಪ್ಪಂದಕ್ಕೆ ಬಂದದ್ದು 1973ರ ಆಗಸ್ಟ್‌ನಲ್ಲಿ, ಕಳುಹಿಸಿ ಮುಗಿಸಿದ್ದು 1974ರ ಏಪ್ರಿಲ್‌ನಲ್ಲಿ. ಬಾಂಗ್ಲಾದೇಶದ ಮಾನ್ಯತೆಯ ಪ್ರಶ್ನೆ, ಯುದ್ಧಾಪರಾಧದ ಆರೋಪ ಹೊತ್ತ 195 ಮಂದಿಯ ವಿಚಾರಣೆಯ ಪ್ರಶ್ನೆ, ಇವೆಲ್ಲ ಅದರಲ್ಲಿ ಸೇರಿಕೊಂಡಿದ್ದವು ಎಂಬುದು ನಿಜವೇ. ಆದರೂ ನಾವು ಬೇಗ ಬಿಟ್ಟೆವು ಎಂದು ಯಾರಾದರೂ ದೂರಿದರೆ ಅವರು ಕ್ಯಾಲೆಂಡರು ನೋಡಿಲ್ಲ.

‘ಅವರು ನಮ್ಮವರನ್ನು ಚಿತ್ರಹಿಂಸೆ ಮಾಡಿ ಕೊಂದರಲ್ಲ’ ಎಂಬ ಮಾತು ಬರುತ್ತದೆ, ಬರಲೇಬೇಕು. 1999ರ ಕಾರ್ಗಿಲ್ ಯುದ್ಧದಲ್ಲಿ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಅವರ ಗಸ್ತಿನ ಐವರು ಜವಾನರ ದೇಹಗಳು ಯಾವ ಸ್ಥಿತಿಯಲ್ಲಿ ಮರಳಿದವೆಂಬುದನ್ನು ಸೈನ್ಯದಲ್ಲಿದ್ದವರು ಮರೆಯಲಾರರು, ಕ್ಷಮಿಸಲೂ ಆರರು. ಆದರೆ ಒಪ್ಪಂದದ ಹದಿಮೂರನೆಯ ವಿಧಿ ಕೈದಿಗಳ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ಖಡಾಖಂಡಿತವಾಗಿ ನಿಷೇಧಿಸುತ್ತದೆ, ಎದುರಾಳಿ ಏನು ಮಾಡಿದ ಎಂಬ ಷರತ್ತನ್ನೂ ಹಾಕುವುದಿಲ್ಲ. ಅದೇ ಯುದ್ಧದಲ್ಲಿ ಸೆರೆಯಾದ ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಎಂಟನೆಯ ದಿನ ರೆಡ್‌ಕ್ರಾಸ್ ಮೂಲಕ ಮರಳಿದ್ದೂ ಇತಿಹಾಸವೇ. ಕೊಟ್ಟರಷ್ಟೇ ಕೊಡುತ್ತೇವೆಂಬ ಲೆಕ್ಕಾಚಾರ ಎಲ್ಲಿಗೆ ಮುಟ್ಟುತ್ತದೆಂದು ನೋಡಬೇಕಾದರೆ ಎರಡನೆಯ ಮಹಾಯುದ್ಧದ ಪೂರ್ವ ರಣರಂಗವನ್ನು ನೋಡಬೇಕು: ಸೋವಿಯತ್ ಒಕ್ಕೂಟ 1929ರ ಕೈದಿಗಳ ಒಪ್ಪಂದಕ್ಕೆ ಸೇರಿಲ್ಲವೆಂಬ ನೆಪ ಮುಂದಿಟ್ಟ ಜರ್ಮನಿಯ ಸೆರೆಯಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಸೋವಿಯತ್ ಕೈದಿಗಳು ಹಸಿವು, ಚಳಿ, ಗುಂಡಿಗೆ ಬಲಿಯಾದರು.

ನಮ್ಮ ಕಡೆಯ ಕಲೆಯನ್ನೂ ಮುಚ್ಚಿಡಬಾರದು. 1962ರಲ್ಲಿ ಚೀನಾ ಸೆರೆಹಿಡಿದ ನಮ್ಮ ಮೂರು ಸಾವಿರದ ಒಂಬೈನೂರರಷ್ಟು ಸೈನಿಕರು ಮರುವರ್ಷದ ಮೇ ಹೊತ್ತಿಗೆ ಮರಳಿದರು. ಅದೇ ಯುದ್ಧದ ನೆಪದಲ್ಲಿ ಅಸ್ಸಾಂ ಮತ್ತು ಬಂಗಾಳದ ಕಡೆಯಿಂದ ಹಿಡಿದು ರಾಜಸ್ಥಾನದ ದೇವಲಿಯಲ್ಲಿ ಕೂಡಿಹಾಕಿದ ಸುಮಾರು ಮೂರು ಸಾವಿರ ಚೀನೀ ಮೂಲದವರಲ್ಲಿ ಇಲ್ಲಿಯೇ ಹುಟ್ಟಿ ಬೆಳೆದವರು, ಮುದುಕರು, ಮಕ್ಕಳು ಇದ್ದರು, ಮತ್ತು ಅವರಲ್ಲಿ ಕೆಲವರು ವರ್ಷಗಟ್ಟಲೆ ಹೊರಬರಲಿಲ್ಲ.

ಈಗ ತಮ್ಮ ಮುಖಪುಟದ ಚಿತ್ರದ ವಿಷಯ. ಕೈದಿಯನ್ನು ಅವಮಾನದಿಂದಲೂ ಜನರ ಕುತೂಹಲದಿಂದಲೂ ಕಾಪಾಡಬೇಕೆಂದು ಮೇಲೆ ಹೇಳಿದ ಹದಿಮೂರನೆಯ ವಿಧಿಯೇ ಹೇಳುತ್ತದೆ. 2019ರ ಫೆಬ್ರುವರಿ 27ರಂದು ವಿಂಗ್ ಕಮಾಂಡರ್ ಅಭಿನಂದನ್ ಅವರ ರಕ್ತಸಿಕ್ತ ಮುಖದ ವಿಡಿಯೊ ಹರಿದಾಡಿದಾಗ ನಮ್ಮ ಸರ್ಕಾರ ಈ ನೆಲೆಯಲ್ಲಿಯೇ ಪ್ರತಿಭಟಿಸಿತು, ದೇಶದ ಪತ್ರಿಕೆಗಳೂ ದನಿಗೂಡಿಸಿದವು. ಆ ನಿಯಮ ಹೊರದೇಶದ ಹುಡುಗನಿಗೂ ಅನ್ವಯಿಸುತ್ತದೆ. ಅವನ ಮುಖ ಗುರುತಾದರೆ ಊರಿನಲ್ಲಿರುವ ಅವನ ಮನೆಯವರಿಗೂ ಅಪಾಯವಾಗಬಹುದು. ಸುದ್ದಿಗೆ ಅವನ ಮುಖ ಬೇಕಾಗಿಯೂ ಇರಲಿಲ್ಲ. ಇಂಥ ಚಿತ್ರಗಳನ್ನು ಹಾಕಲೇಬೇಕಾದಾಗ ಮುಖ ಮಸುಕುಗೊಳಿಸುವ ನಿಯಮವನ್ನು ತಮ್ಮ ಪತ್ರಿಕೆ ಮಾಡಿಕೊಳ್ಳಬೇಕೆಂದು ಕೋರುತ್ತೇನೆ.

ಇನ್ನೊಂದು ಕೋರಿಕೆಯೂ ಇದೆ. 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾಗಿ, ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ನಂಬಲಾದ 54 ಭಾರತೀಯ ಸೈನಿಕರ ಪಟ್ಟಿಯೊಂದಿದೆ. ಪಾಕಿಸ್ತಾನ ಅದನ್ನು ಒಪ್ಪಿಲ್ಲ. 2007ರಲ್ಲಿ ಬಂಧುಗಳ ತಂಡವೊಂದು ಅಲ್ಲಿನ ಜೈಲುಗಳನ್ನು ನೋಡಿ ಬರಿಗೈಯಲ್ಲಿ ಮರಳಿತು. 2008ರ ಒಪ್ಪಂದದಂತೆ ಎರಡೂ ದೇಶಗಳು ತಮ್ಮ ಜೈಲುಗಳಲ್ಲಿರುವ ಪರಸ್ಪರರ ನಾಗರಿಕ ಕೈದಿಗಳ ಮತ್ತು ಮೀನುಗಾರರ ಪಟ್ಟಿಯನ್ನು ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ರಂದು ಹಂಚಿಕೊಳ್ಳುತ್ತವೆ, ಮತ್ತು ನಮ್ಮ ವಿದೇಶಾಂಗ ಸಚಿವಾಲಯ ಆ ಸಂದರ್ಭದ ಪ್ರಕಟಣೆಯಲ್ಲಿ ಕಾಣೆಯಾದ ಸೈನಿಕರ ವಿಷಯವನ್ನೂ ಎತ್ತುವುದು ವಾಡಿಕೆ. ಸೈನಿಕರ ಮನೆಗಳೇ ತುಂಬಿರುವ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಈ ಸುದ್ದಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಬರುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಮುಂದಿನ ಪಟ್ಟಿ ಹಸ್ತಾಂತರವಾದಾಗ ಅದರ ಅಂಕಿಸಂಖ್ಯೆಗಳನ್ನು, ಹಿಂದಿನ ಪಟ್ಟಿಯೊಡನೆ ಹೋಲಿಸಿ, ಕಾಣೆಯಾದ ಸೈನಿಕರ ಬಗ್ಗೆ ಸಚಿವಾಲಯ ಬಳಸಿದ ವಾಕ್ಯವನ್ನು ಬಿಡದೆ, ಕೊಡಗಿನ ಆವೃತ್ತಿಯಲ್ಲಿ ಪೂರ್ತಿಯಾಗಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸೇನಾ ಗುಮಾಸ್ತ,
ವಿರಾಜಪೇಟೆ ತಾಲ್ಲೂಕು, ಕೊಡಗು